ಕೈ ಎತ್ತುವುದನ್ನೂ ಬರೆದಿಡು

ಪುಟ್ಟಿ,

ನೀನು ಕಳಿಸಿದ ಸ್ವರಲಿಪಿ ಬಂತು. ಜೆನೆಸಿಸ್ ರಾಕ್ ತಂಡದ ‘ಸಪ್ಪರ್ಸ್ ರೆಡಿ’ ಹಾಡಿನಲ್ಲಿ ಬೇರೆ ಯಾವ ಭಾಗವೂ ಸಿಗದೆ, ‘ಅಪಾಕಲಿಪ್ಸ್ ಇನ್ 9/8’ ಅನ್ನೇ ಪೈಪ್ ಆರ್ಗನ್‌ಗೆ ಅಳವಡಿಸಲು ಹೊರಟಿದ್ದೀಯಲ್ಲ, ನಿನ್ನ ಧೈರ್ಯಕ್ಕೆ ಏನು ಹೇಳಲಿ! ಖುಷಿಯೂ ಆಯಿತು, ಕೊಂಚ ಆತಂಕವೂ ಆಯಿತು. ಇಂಗ್ಲೆಂಡಿನ ಹಳೆಯ ಚರ್ಚುಗಳ ಥಂಡಿ ನನಗೆ ಗೊತ್ತು. ರಾತ್ರಿ ಒಬ್ಬಳೇ ಅಭ್ಯಾಸಕ್ಕೆ ಕೂತರೆ ಬೆರಳು ಮರಗಟ್ಟಿ ಹೋಗುತ್ತವೆ. ಉಣ್ಣೆಯ ಸ್ವೆಟರು ಮರೆಯಬೇಡ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗು.

ನ್ಯೂಕ್ಯಾಸಲ್‌ನಲ್ಲಿ ಕೆಲಸಕ್ಕಿದ್ದಾಗ ನಾನು ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದೆ. ವಾರದ ಉಳಿದ ದಿನಗಳಲ್ಲಿ ಈ ರಾಕ್ ರೆಕಾರ್ಡುಗಳದ್ದೇ ಗೀಳು. ಆ ಊರಿನ ಸಿಟಿ ಹಾಲ್‌ನಲ್ಲಿ ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡ 1971ರ ಮಾರ್ಚ್‌ನಲ್ಲಿ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ನುಡಿಸಿತ್ತು. ಅದರ ಮೊದಲ ‘ಪ್ರೊಮೆನಾಡ್’ ಅನ್ನು ಕೀತ್ ಎಮರ್ಸನ್ ನುಡಿಸಿದ್ದು ಆ ಸಭಾಂಗಣದ್ದೇ ಪೈಪ್ ಆರ್ಗನ್ ಮೇಲೆ, ಹ್ಯಾರಿಸನ್ ಅಂಡ್ ಹ್ಯಾರಿಸನ್ ಕಂಪನಿ 1928ರಲ್ಲಿ ಕೂರಿಸಿದ್ದು. ಅದಿರುವುದು ಮೆಟ್ಟಿಲು ಹತ್ತಿ ಹೋಗಬೇಕಾದ ಎತ್ತರದಲ್ಲಿ. ಮುಗಿಸಿ ಕೆಳಗಿನ ತನ್ನ ವಾದ್ಯಗಳ ಹತ್ತಿರ ಓಡಿಬರಲು ಪುರಸೊತ್ತು ಬೇಕಲ್ಲ, ಅಷ್ಟು ಹೊತ್ತು ಕಾರ್ಲ್ ಪಾಮರ್ ಡ್ರಮ್ ಉರುಳಿಸುತ್ತಾನೆ. ಸಾಧ್ಯವಾದರೆ ಆ ರೆಕಾರ್ಡು ಕೇಳು. ಪೈಪ್ ಆರ್ಗನ್ ಮತ್ತು ಡ್ರಮ್ ಒಂದೇ ಹಾಲ್‌ನಲ್ಲಿದ್ದರೂ ಅಲ್ಲಿ ಒಂದಾದ ಮೇಲೆ ಒಂದು ಬರುತ್ತವೆ, ಕೂಡಿ ಬರುವುದಿಲ್ಲ.

ಎರಡನ್ನೂ ಕೂಡಿಸುವ ಹಟ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೆ ಇತ್ತು. 1972ರ ‘ಕ್ಲೋಸ್ ಟು ದಿ ಎಡ್ಜ್’ಗೆ ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನ ಆರ್ಗನ್ ಬಳಸಿದಾಗ ಅದನ್ನು ಇಟ್ಟದ್ದು ವೇಗ ಇಳಿದು ಹಾಡು ನಿಂತಂತಾಗುವ ಜಾಗದಲ್ಲಿ. 1977ರ ‘ಪ್ಯಾರಲಲ್ಸ್’ನಲ್ಲಿ ಮಾತ್ರ ಓಟದ ಲಯಕ್ಕೇ ಅದನ್ನು ಕಟ್ಟಿದರು. ಸ್ವಿಟ್ಜರ್ಲೆಂಡಿನ ವೆವೇ ಊರಿನ ಚರ್ಚಿನಲ್ಲಿ ಆತ, ಮೊಂಟ್ರೋ ಸ್ಟುಡಿಯೋದಲ್ಲಿ ಆತನ ತಂಡದ ಉಳಿದವರು, ನಡುವೆ ಟೆಲಿಫೋನ್ ತಂತಿ! ಅಲ್ಲಿ ಲಯ ಹೊರುವುದಕ್ಕೆ ಬೇಸ್ ಗಿಟಾರೂ ಡ್ರಮ್ಮೂ ಇದ್ದವು. ನೀನು ಒಬ್ಬಳೇ ಕೂರುವವಳು. ನಿನ್ನ ಕಷ್ಟ ಬೇರೆ.

ಮೂಲದಲ್ಲಿ ಜೆನೆಸಿಸ್‌ನ ಟೋನಿ ಬ್ಯಾಂಕ್ಸ್ ನುಡಿಸಿದ್ದು ಹ್ಯಾಮಂಡ್ ಎಂಬ ಎಲೆಕ್ಟ್ರಿಕ್ ಆರ್ಗನ್. 1935ರಲ್ಲಿ ಮಾರುಕಟ್ಟೆಗೆ ಬಂದ ಆ ವಾದ್ಯ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೂ ಹೋಯಿತು. ಅದರ ಡ್ರಾಬಾರ್‌ಗಳ ಮೇಲೆ ಈಗಲೂ 16 ಅಡಿ, 8 ಅಡಿ ಎಂದು ಕೊಳವೆಯ ಅಳತೆಯೇ ಇರುತ್ತದೆ. ಆದ್ದರಿಂದ ಹ್ಯಾಮಂಡ್‌ನ ಪಾಲನ್ನು ಪೈಪಿಗೆ ತರುವುದು ಸುಲಭ ಎಂದುಕೊಳ್ಳುತ್ತೇವೆ. ಹಾಗಲ್ಲ. ಹ್ಯಾಮಂಡ್‌ನ ಕೀ ಒತ್ತಿದ ಕ್ಷಣಕ್ಕೆ ‘ಟಿಕ್’ ಎನ್ನುವ ಸದ್ದಿನೊಂದಿಗೆ ಸ್ವರ ಹುಟ್ಟುತ್ತದೆ, ಆ ಟಿಕ್ಕೇ ಅರ್ಧ ತಾಳ. ದೊಡ್ಡ ಪೈಪಿಗೆ ಗಾಳಿ ತುಂಬಿ ಬಾಯಿ ಬಿಡಲು ಹೊತ್ತು ಬೇಕು. ಬಾಯಿ ಬಿಟ್ಟ ಮೇಲೂ, ಕಲ್ಲಿನ ಗೋಡೆಗಳ ನಡುವೆ ಹಿಂದಿನ ಸ್ವರ ಇನ್ನೂ ಮೊಳಗುತ್ತಿರುತ್ತದೆ. ಹೀಗಾಗಿ ವೇಗದ ಸ್ವರಗಳೆಲ್ಲ ಮಳೆಗೆ ನೆಂದ ರಂಗೋಲಿಯಂತೆ ಒಂದರೊಳಗೊಂದು ಸೇರಿಹೋಗುತ್ತವೆ.

ಈಗ ನಿನ್ನ ಪ್ರತಿಯ ವಿಷಯ. ಇ, ಎಫ್ ಶಾರ್ಪ್, ಬಿ ಎಂಬ ಆ ಮೂರೇ ಸ್ವರಗಳ ತಿರುಗಣಿಯನ್ನು ಕಾಲಿಗೆ ಕೊಟ್ಟಿದ್ದೀಯ. ಸರಿಯೇ, ಮೂಲದಲ್ಲೂ ಮೈಕ್ ರದರ್‌ಫೋರ್ಡ್ ಅದನ್ನು ಕಾಲಿನ ಪೆಡಲ್ಲಿನಲ್ಲೇ ನುಡಿಸಿದ್ದು. ಆದರೆ ಅದಕ್ಕೆ 16 ಅಡಿಯ ಸ್ಟಾಪ್ ಹಾಕಿದ್ದೀಯ, ತೆಗೆದುಬಿಡು. 8 ಅಡಿಯದೊಂದು, ಬೇಕಾದರೆ 4 ಅಡಿಯದು, ಅಷ್ಟೇ ಇರಲಿ. ಒಂಬತ್ತರ ಎಣಿಕೆ ಸ್ಪಷ್ಟವಾಗಿ ಕೇಳಬೇಕು. 3, 2, 4: ತಕಿಟ, ತಕ, ತಕದಿಮಿ. ಚಿಕ್ಕಂದಿನಲ್ಲಿ ತೊಡೆ ತಟ್ಟಿ ಹೇಳುತ್ತಿದ್ದೆಯಲ್ಲ, ಹಾಗೇ ಬಾಯಲ್ಲಿ ಹೇಳಿಕೊಂಡು ಪೆಡಲ್ ತುಳಿ.

ನಿನ್ನ ಬರಹದಲ್ಲಿ ಕಾಣದ್ದು ಒಂದೇ. ಪ್ರತಿ ಸ್ವರ ಎಲ್ಲಿ ಶುರುವಾಗಬೇಕೆಂದು ಬರೆದಿದ್ದೀಯ; ಎಲ್ಲಿ ಬಿಡಬೇಕೆಂದು ಬರೆದಿಲ್ಲ. ಆರ್ಗನ್‌ನಲ್ಲಿ ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಪಿಯಾನೋದವರಿಗಿರುವ ಪೆಟ್ಟು ನಮಗಿಲ್ಲ. ನಮಗಿರುವ ಒತ್ತು ಸ್ವರದ ಹಿಂದಿನ ಬಿಡುವಿನಲ್ಲಿದೆ. ‘ತಕದಿಮಿ’ಯ ಮೊದಲ ಸ್ವರ ಎದ್ದು ಕಾಣಬೇಕಿದ್ದರೆ ಅದರ ಹಿಂದಿನ ‘ತಕ’ದ ಕೊನೆಯನ್ನು ಮೊಟಕು ಮಾಡಬೇಕು. ಮೂಲದಲ್ಲಿರುವ ಫಿಲ್ ಕಾಲಿನ್ಸ್‌ನ ಡ್ರಮ್ ನಿನಗೆ ಸಿಗುವುದು ಆ ಸಂದಿನಲ್ಲೇ, ಬೇರೆಲ್ಲೂ ಹುಡುಕಬೇಡ. ಬ್ಯಾಂಕ್ಸ್ ಹ್ಯಾಮಂಡ್ ಜೊತೆಗೆ ನುಡಿಸುತ್ತಿದ್ದ ಮೆಲೊಟ್ರಾನ್ ಎಂಬ ಟೇಪ್ ವಾದ್ಯದ ಒಳಗೆ ಪ್ರತಿ ಕೀಗೂ ಸುಮಾರು 8 ಸೆಕೆಂಡಿನ ಟೇಪು ಮಾತ್ರ ಇರುತ್ತಿತ್ತು. ಅಷ್ಟರಲ್ಲಿ ಆತ ಕೈ ಎತ್ತಲೇಬೇಕಿತ್ತು. ನಿನ್ನ ಆರ್ಗನ್‌ಗೆ ಗಾಳಿ ಮುಗಿಯುವುದೇ ಇಲ್ಲ, ಆದ್ದರಿಂದ ಆ ಲಗಾಮನ್ನು ನೀನೇ ಹಾಕಿಕೊಳ್ಳಬೇಕು. ಭಾಗದ ಕೊನೆಯಲ್ಲಿ ಮೆಲೊಟ್ರಾನ್ ಸ್ವರಮೇಳ ಭೋರ್ಗರೆದು ಬರುವಲ್ಲಿ ಮಾತ್ರ ಎಲ್ಲ ಸ್ಟಾಪ್ ಎಳೆ, ಕೈಯನ್ನು ಎತ್ತದೆ ಅಲ್ಲೇ ಇಡು. ಅಲ್ಲಿಯವರೆಗೆ ತಡೆದುಕೊಂಡರೇನೇ ಅದಕ್ಕೆ ಬೆಲೆ.

ಸಂದು ಎಷ್ಟಿರಬೇಕು ಅಂದರೆ, ಅದನ್ನು ಆ ಕಟ್ಟಡವೇ ಹೇಳಬೇಕು. ಬೆಂಚಿನಲ್ಲಿ ಕೂತ ನಿನಗೆ ತುಂಡುತುಂಡಾಗಿ ಕೇಳಿದ್ದು ಹಿಂದಿನ ಸಾಲಿನವರಿಗೆ ಹದವಾಗಿ ಕೇಳುತ್ತದೆ. ಸ್ನೇಹಿತರಲ್ಲಿ ಯಾರಿಗಾದರೂ ಪೆಡಲ್ ನುಡಿಸಲು ಹೇಳಿ, ಪೆನ್ಸಿಲ್ ಹಿಡಿದು ಕೊನೆಯ ಸಾಲಿನಲ್ಲಿ ಕೂತು ಗುರುತು ಹಾಕಿಕೋ. ಚರ್ಚು ಬದಲಾದರೆ ಗುರುತೂ ಬದಲಾಗುತ್ತದೆ, ಬೇಸರ ಪಡಬೇಡ.

ಇನ್ನೊಂದು ವ್ಯವಹಾರದ ಮಾತು. ಹಾಡಿನ ಹಕ್ಕು ಇನ್ನೂ ಪ್ರಕಾಶಕರ ಕೈಯಲ್ಲಿದೆ. ಅಳವಡಿಕೆಯನ್ನು ಅಚ್ಚು ಹಾಕಿಸುವ ಯೋಚನೆ ಇದ್ದರೆ ಲಿಖಿತ ಅನುಮತಿ ಕೇಳು. ಒಪ್ಪುತ್ತಾರೋ ಇಲ್ಲವೋ, ಕೇಳುವುದು ನಮ್ಮ ಮರ್ಯಾದೆ.

ತಿದ್ದಿದ ಪ್ರತಿ ಕಳಿಸು. ಪೂರ್ತಿ ಬೇಡ, ಮೊದಲ ಎಂಟು ಬಾರ್ ಸಾಕು. ಅದರಲ್ಲಿ ಕೈ ಎತ್ತುವುದು ಕೂಡಿಬಂದರೆ ಮಿಕ್ಕದ್ದಕ್ಕೆ ನನ್ನ ಸಲಹೆ ಬೇಕಾಗುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ