ದೈಹಿಕ ವಿಕಲಚೇತನರ ಹಕ್ಕುಗಳು ಮತ್ತು ಸಮುದಾಯದ ಪಾತ್ರ: ಪರೀಕ್ಷಾ ಟಿಪ್ಪಣಿ

ಮುಖ್ಯಾಂಶಗಳು
1. ವಿಶ್ವ ವಿಕಲಚೇತನರ ದಿನ: ಡಿಸೆಂಬರ್ 3 (ವಿಶ್ವಸಂಸ್ಥೆ ಘೋಷಣೆ: 1992).
2. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ: ಅಂಗೀಕಾರ 2006, ಭಾರತದ ಅನುಮೋದನೆ 2007.
3. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016: ಜಾರಿ 19 ಏಪ್ರಿಲ್ 2017.
4. ಸುಗಮ್ಯ ಭಾರತ ಅಭಿಯಾನ: ಆರಂಭ 3 ಡಿಸೆಂಬರ್ 2015.

ಹೋರಾಟ, ಸಂಘಟನೆ
5. ಜಾವೇದ್ ಅಬಿದಿ: ಗಾಲಿಕುರ್ಚಿ ಬಳಸುತ್ತಿದ್ದ ಹಕ್ಕು ಹೋರಾಟಗಾರ, 1995ರ ಅಂಗವಿಕಲರ ಕಾಯ್ದೆಗಾಗಿ ದನಿ ಎತ್ತಿದವರು.
6. ಎನ್.ಎಸ್. ಹೇಮಾ: ಬೆಂಗಳೂರಿನ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಯ ಸ್ಥಾಪಕಿ (1959).
7. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು: ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸೌಲಭ್ಯ ತಲುಪಿಸುವವರು.

ಗೊಂದಲ ಬೇಡ
- 1995ರ ಕಾಯ್ದೆ: 7 ವಿಧದ ಅಂಗವಿಕಲತೆ, 3% ಉದ್ಯೋಗ ಮೀಸಲಾತಿ. 2016ರ ಕಾಯ್ದೆ: 21 ವಿಧ, 4%.
- ಉನ್ನತ ಶಿಕ್ಷಣದಲ್ಲಿ 5% (ಕಲಂ 32). ಸರ್ಕಾರಿ ಉದ್ಯೋಗದಲ್ಲಿ 4% (ಕಲಂ 34).
- 40% ಎಂಬುದು ಮೀಸಲಾತಿಯ ಪ್ರಮಾಣವಲ್ಲ. ಸೌಲಭ್ಯಕ್ಕೆ ಬೇಕಾದ ಕನಿಷ್ಠ ಅಂಗವಿಕಲತೆ.
- ಕುಬ್ಜತೆ, ಸ್ನಾಯುಕ್ಷಯ, ಮೆದುಳಿನ ಪಾರ್ಶ್ವವಾಯು, ಆ್ಯಸಿಡ್ ದಾಳಿ ಸಂತ್ರಸ್ತರು: ಚಲನ ವೈಕಲ್ಯದ ಗುಂಪು.

ಇಳಿಜಾರು ದಾರಿ (ರ‍್ಯಾಂಪ್): ಅನುಪಾತ 1:12. ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದಕ್ಕಿಂತ ಕಡಿದಾಗಿದ್ದರೆ ಗಾಲಿಕುರ್ಚಿಯಲ್ಲಿ ಒಬ್ಬರೇ ಹತ್ತುವುದು ಕಷ್ಟ.

ನೆನಪಿಡಿ: 2016ರ ಕಾಯ್ದೆಯ ತಿರುಳು ದಯೆಯಲ್ಲ, ಹಕ್ಕು. ಪ್ರಬಂಧ ಪತ್ರಿಕೆಯಲ್ಲೂ ಇದೇ ನೆಲೆಯಿಂದ ಉತ್ತರಿಸಿ.