ಗಾಳಿ ಸರಿ ಇದೆ, ದೀಪ ಆರುತ್ತಿಲ್ಲ: ಹಳೆಯ ದುಬಾರಿ ಕಾರು ಮತ್ತು ಗ್ರಾಹಕನ ಹಕ್ಕು

ಬೀದರ್ ಕಡೆಯವರಿಗೆ ಬೆಂಜ್, ಬಿಎಂಡಬ್ಲ್ಯು, ಆಡಿ ಕಾರಿನ ದೊಡ್ಡ ರಿಪೇರಿ ಎಂದರೆ ಹೈದರಾಬಾದೇ. ಬೆಂಗಳೂರು 700 ಕಿ.ಮೀ. ದೂರ, ಹೈದರಾಬಾದ್ 140ರ ಆಸುಪಾಸು. ಮಗ ಅಲ್ಲಿನ ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರಿನಲ್ಲಿದ್ದರಂತೂ ಒಂದೇ ಓಡಾಟದಲ್ಲಿ ಎರಡು ಕೆಲಸ. ಹತ್ತು ವರ್ಷ ದಾಟಿದ ಇಂಥ ಕಾರುಗಳಲ್ಲಿ ಒಂದು ಕಾಯಿಲೆ ಸಾಮಾನ್ಯ: ನಾಲ್ಕೂ ಟೈರಿನಲ್ಲಿ ಗಾಳಿ ಸರಿಯಾಗಿದೆ, ಡ್ಯಾಶ್‌ಬೋರ್ಡಿನ ಹಳದಿ ದೀಪ ಮಾತ್ರ ಗಾಳಿ ಕಡಿಮೆ ಎನ್ನುತ್ತಿದೆ. ಗ್ಯಾರೇಜಿನವರು ನಾಲ್ಕೂ ಸೆನ್ಸರ್ ಬದಲಿಸಿ ಬಿಲ್ ಕೊಟ್ಟರು, ಊರು ಮುಟ್ಟುವಷ್ಟರಲ್ಲಿ ದೀಪ ಮತ್ತೆ ಹತ್ತಿತು. ಈಗ ಏನು ಮಾಡಬಹುದು?

ದೀಪ ಹತ್ತಿದ ಮಾತ್ರಕ್ಕೆ ಯಾರ ಮೇಲೂ ದೂರು ನಿಲ್ಲುವುದಿಲ್ಲ. ಗ್ಯಾರೇಜು ಏನನ್ನು ಪತ್ತೆ ಮಾಡುತ್ತೇನೆಂದು ಒಪ್ಪಿಕೊಂಡಿತ್ತು, ಏನನ್ನು ಮಾಡಿತು ಎಂಬ ಅಂತರವೇ ದೂರಿನ ತಿರುಳು. ಹಾಗಾಗಿ ಕಾನೂನಿಗೂ ಮೊದಲು ಆ ದೀಪದ ಬಗ್ಗೆ ಸ್ವಲ್ಪ ತಿಳಿದಿರಬೇಕು.

ಟೈರಿನ ಗಾಳಿಯ ಮೇಲೆ ಕಣ್ಣಿಡುವ ವ್ಯವಸ್ಥೆಯಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಚಕ್ರದೊಳಗೆ, ವಾಲ್ವಿನ ಬುಡದಲ್ಲಿ, ಪುಟ್ಟ ಬ್ಯಾಟರಿಯ ಸೆನ್ಸರ್ ಇರುತ್ತದೆ. ಬ್ಯಾಟರಿ 5ರಿಂದ 10 ವರ್ಷ ಬಾಳುತ್ತದೆ. ಅದು ಸತ್ತರೆ ಸಾಮಾನ್ಯವಾಗಿ ಇಡೀ ಸೆನ್ಸರನ್ನೇ ಬದಲಿಸಬೇಕು. ಇನ್ನೊಂದರಲ್ಲಿ ಚಕ್ರದೊಳಗೆ ಏನೂ ಇಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಕುಗ್ಗಿ ಅದು ಸ್ವಲ್ಪ ವೇಗವಾಗಿ ತಿರುಗುತ್ತದೆ, ಆ ವ್ಯತ್ಯಾಸವನ್ನು ಎಬಿಎಸ್ ಹಿಡಿಯುತ್ತದೆ. ಇಂಥ ಕಾರಿಗೆ ಗಾಳಿ ತುಂಬಿಸಿ ರೀಸೆಟ್ ಮಾಡದಿದ್ದರೆ, ಅಥವಾ ಎರಡು ಹೊಸ, ಎರಡು ಸವೆದ ಟೈರು ಹಾಕಿದ್ದರೆ ಸುಳ್ಳು ಎಚ್ಚರಿಕೆ ಬರುತ್ತದೆ. ಕೆಲವು ಬಿಎಂಡಬ್ಲ್ಯು ಮಾದರಿಗಳು ಈ ಎರಡನೆಯ ಬಗೆಯವು. ಅವಕ್ಕೆ ಯಾರಾದರೂ ಸೆನ್ಸರ್ ಹಾಕಿಸಬೇಕು ಎಂದರೆ ಅಲ್ಲೇ ಕಾರು ತಿರುಗಿಸಿಕೊಳ್ಳಿ.

ದೀಪ ಹತ್ತುವ ಕಾರಣಗಳಲ್ಲಿ ಹವಾಮಾನವೂ ಸೇರುತ್ತದೆ. ಉಷ್ಣಾಂಶ ಸುಮಾರು 5-6 ಡಿಗ್ರಿ ಇಳಿದರೆ ಒತ್ತಡ 1 ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನ ಕಾದ ಟೈರಿಗೆ ಗಾಳಿ ತುಂಬಿಸಿದವರಿಗೆ ಡಿಸೆಂಬರಿನ ಬೆಳಗ್ಗೆ ದೀಪ ಹತ್ತಿದರೆ ಅದು ಸುಳ್ಳಲ್ಲ, ನಿಜವಾದ ಎಚ್ಚರಿಕೆ. ಸ್ಟೆಪ್ನಿಯಲ್ಲೂ ಸೆನ್ಸರ್ ಇರುವ ಕಾರುಗಳಿವೆ. ಅದರ ಗಾಳಿಯನ್ನು ಯಾರೂ ನೋಡುವುದಿಲ್ಲ. ಬಹುಪಾಲು ಕಾರುಗಳಲ್ಲಿ ದೀಪ ಸ್ಥಿರವಾಗಿ ಉರಿದರೆ ಗಾಳಿ ಕಡಿಮೆ ಎಂದೂ, ಸ್ಟಾರ್ಟ್ ಮಾಡಿದಾಗ ನಿಮಿಷದಷ್ಟು ಹೊತ್ತು ಮಿಣುಕಿ ಆಮೇಲೆ ಸ್ಥಿರವಾಗಿ ಉರಿದರೆ ವ್ಯವಸ್ಥೆಯಲ್ಲೇ ದೋಷ ಎಂದೂ ಅರ್ಥ. ಕೈಪಿಡಿ ನೋಡಿ, ಮಿಣುಕುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮುಂದೆ ಅದೇ ಸಾಕ್ಷಿ. ದೀಪವನ್ನು ಸುಮ್ಮನೆ ಕಡೆಗಣಿಸಬೇಡಿ, ರನ್‌ಫ್ಲಾಟ್ ಟೈರಿನಲ್ಲಿ ಗಾಳಿ ಇಳಿದದ್ದು ಕಣ್ಣಿಗೆ ಕಾಣುವುದೇ ಇಲ್ಲ.

ಗ್ಯಾರೇಜಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಜಾಬ್ ಕಾರ್ಡ್. ಸಹಿ ಹಾಕಿಸಿಕೊಳ್ಳುವ ಅವಸರದಲ್ಲಿ ಅವರು ‘ಟೈರ್ ಲೈಟ್ ಕಂಪ್ಲೇಂಟ್’ ಎಂದಷ್ಟೇ ಬರೆಯುತ್ತಾರೆ. ಒಪ್ಪಬೇಡಿ. ‘ಗಾಳಿ ಸರಿ ಇದ್ದರೂ ಎಚ್ಚರಿಕೆ ದೀಪ ಉರಿಯುತ್ತಿದೆ. ಕಾರಣ ಪತ್ತೆ ಮಾಡಿ ತಿಳಿಸುವುದು. ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಬಿಡಿಭಾಗ ಬದಲಿಸಬಾರದು. ತೆಗೆದ ಭಾಗ ಹಿಂದಿರುಗಿಸುವುದು’ ಎಂದು ಬರೆಸಿ. ಅವರಿಗೆ ಕನ್ನಡ ಬಾರದಿದ್ದರೆ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಬರೆಯಲಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಸರಿಯೇ. ಸ್ಕ್ಯಾನರ್ ಹಚ್ಚಿದ ಮೇಲೆ ಬಂದ ದೋಷದ ಕೋಡುಗಳ ಪ್ರತಿ ಕೇಳಿ. ಒಂದು ಸೆನ್ಸರ್ ಸತ್ತಿದೆ ಎಂದು ವರದಿ ಹೇಳಿ ನಾಲ್ಕಕ್ಕೆ ಬಿಲ್ ಬಂದರೆ ನಿಮ್ಮ ದೂರು ಅರ್ಧ ಗೆದ್ದಂತೆ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರಡಿ ಅನುಚಿತ ವ್ಯಾಪಾರ ಪದ್ಧತಿ. ಜಿಎಸ್‌ಟಿ ಉಳಿಸುವ ಆಸೆಗೆ ‘ಬಿಲ್ ಬೇಡ’ ಎಂದವರು ತಮ್ಮ ಸಾಕ್ಷಿಯನ್ನು ತಾವೇ ಮಾರಿಕೊಂಡಿರುತ್ತಾರೆ.

ಜಗಳವಾಡಿ ಹಣ ಕೊಡದೆ ಕಾರು ತರುತ್ತೇನೆ ಎಂದುಕೊಳ್ಳಬೇಡಿ. 1872ರ ಕರಾರು ಕಾಯ್ದೆಯ ಕಲಂ 170ರಂತೆ, ವಸ್ತುವಿನ ಮೇಲೆ ಶ್ರಮ, ಕೌಶಲ ಬಳಸಿ ಕರಾರಿನಂತೆ ಕೆಲಸ ಮಾಡಿದವನು ತನ್ನ ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ನೀವು ಒಪ್ಪದ ಕೆಲಸದ ಬಿಲ್ಲಿಗೂ ಈ ಹಕ್ಕು ಇದೆಯೇ ಎಂಬ ವಾದ ನಿಮ್ಮ ಪರ ಇರಬಹುದು, ಆದರೆ ಕಾರು ಅವರಲ್ಲಿದೆ. ಬಿಲ್ಲಿನ ಮೇಲೆ ‘ಆಕ್ಷೇಪಣೆ ಕಾಯ್ದಿರಿಸಿ ಪಾವತಿಸಿದ್ದೇನೆ’ ಎಂದು ಬರೆದು, ಯುಪಿಐನಲ್ಲಿ ಹಣ ಕೊಟ್ಟು, ಕಾರು ತಂದು ಆಮೇಲೆ ಕಾದಾಡುವುದು ಜಾಣತನ.

ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕೆಂಬ ಕಡ್ಡಾಯವೂ ಇಲ್ಲ. ಬಿಡಿಭಾಗ, ಸ್ಕ್ಯಾನರ್ ಸಾಫ್ಟ್‌ವೇರ್ ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಬಿಎಂಡಬ್ಲ್ಯು, ಮರ್ಸಿಡಿಸ್-ಬೆಂಜ್ ಎರಡೂ ಆ ಪಟ್ಟಿಯಲ್ಲಿದ್ದವು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸಾನ್‌ಗಳ ದಂಡ ತಗ್ಗಿಸಿದರೂ ತಪ್ಪು ನಡೆದಿದೆ ಎಂಬುದನ್ನು ಎತ್ತಿಹಿಡಿಯಿತು. ಹೊಸ ಸೆನ್ಸರನ್ನು ಕಾರಿಗೆ ಪರಿಚಯಿಸಲು ಆ ಸ್ಕ್ಯಾನರೇ ಬೇಕಾದ್ದರಿಂದ ಈ ಆದೇಶ ಹಳೆಯ ಕಾರಿನವರಿಗೆ ನೇರವಾಗಿ ತಾಗುವ ವಿಷಯ.

ಇನ್ನು ದೂರು. ಮೊದಲು ಗ್ಯಾರೇಜಿಗೆ ಇ-ಮೇಲ್ ಅಥವಾ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕೊಟ್ಟು ಹದಿನೈದು ದಿನ ಕಾಯಿರಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಬೀದರಿನವರು ಇಲ್ಲೇ ಎಡವುವುದು: ರಿಪೇರಿ ಅಮೀರ್‌ಪೇಟ್‌ನಲ್ಲಿ ಆಯಿತು, ಕೇಸೂ ಹೈದರಾಬಾದಿನಲ್ಲೇ ಹಾಕಬೇಕು ಎಂದುಕೊಂಡು ಕೈಬಿಡುತ್ತಾರೆ. ಹಾಗೇನಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 34ರಂತೆ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೂ ದೂರು ಕೊಡಬಹುದು. ಬೀದರಿನ ಮನೆಯಿಂದ ಬೀದರ್ ಆಯೋಗಕ್ಕೇ ಹೋಗಿ, ಗ್ಯಾರೇಜಿನವರು ಅಲ್ಲಿಗೆ ಬರಲಿ. ಅಮೀರ್‌ಪೇಟ್‌ನಲ್ಲೇ ನೆಲೆಸಿದ ಕನ್ನಡಿಗರು ಹೈದರಾಬಾದ್ ಆಯೋಗಕ್ಕೆ ಹೋಗುತ್ತಾರೆ. ದೂರನ್ನು ಆನ್‌ಲೈನಿನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. ಸೆನ್ಸರೇ ಕಳಪೆ ಎಂಬ ವಾದವಾದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಖರ್ಚು ಮೊದಲು ನಿಮ್ಮದೇ. ಸೇವೆಯ ನ್ಯೂನತೆಯನ್ನು ಸಾಬೀತು ಮಾಡುವ ಹೊಣೆ ದೂರುದಾರನದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಇನ್ನೊಬ್ಬ ಮೆಕ್ಯಾನಿಕ್‌ನಿಂದ ‘ಕಾರಣ ಸೆನ್ಸರ್ ಅಲ್ಲ, ಇಂಥದ್ದು’ ಎಂಬ ಬರಹ, ಸಾಧ್ಯವಾದರೆ ಪ್ರಮಾಣಪತ್ರ, ತರುವುದು ಒಳ್ಳೆಯದು.

ಕಾರು ಸೆಕೆಂಡ್ ಹ್ಯಾಂಡ್ ಎಂಬುದು ಅಡ್ಡಿಯಲ್ಲ, ರಿಪೇರಿಗೆ ಹಣ ಕೊಟ್ಟವರು ನೀವು. ಕಾರು ಒಂದು ಸಂಸ್ಥೆಯ ಹೆಸರಿನಲ್ಲಿದ್ದರೂ, ಅದನ್ನು ನಿರ್ದೇಶಕರ ಸ್ವಂತ ಬಳಕೆಗೆ ಕೊಂಡಿದ್ದರೆ ವಾಣಿಜ್ಯ ಉದ್ದೇಶವಾಗದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 9ರಂದು ತೀರ್ಪು ಕೊಟ್ಟಿತು. ಅದು ಒಳಗೆ ವಿಪರೀತ ಬಿಸಿಯಾಗುತ್ತಿದ್ದ ಮರ್ಸಿಡಿಸ್ ಕಾರಿನ ಪ್ರಕರಣ. ತಯಾರಕರು ವಾಪಸು ಕರೆಸಿ ಸರಿಮಾಡಲಿ ಎಂಬ ಆಸೆ ಮಾತ್ರ ಹಳೆಯ ಕಾರಿಗೆ ಫಲಿಸದು. 2021ರ ಏಪ್ರಿಲ್ 1ರಿಂದ ಬಂದ ಕಡ್ಡಾಯ ರೀಕಾಲ್ ನಿಯಮ 7 ವರ್ಷಕ್ಕಿಂತ ಹಳೆಯ ವಾಹನಕ್ಕೆ ಅನ್ವಯಿಸುವುದಿಲ್ಲ.

ಆದೇಶ ನಿಮ್ಮ ಪರ ಬಂದರೆ, 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು ಗ್ಯಾರೇಜು ಆದೇಶಿತ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಮೇಲ್ಮನವಿಯನ್ನೂ ಹೋಗದೆ, ಹಣವನ್ನೂ ಕೊಡದೆ ಕುಳಿತರೆ ಕಲಂ 72ರಡಿ 1 ತಿಂಗಳಿಂದ 3 ವರ್ಷದವರೆಗೆ ಸೆರೆ, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಅದಕ್ಕೆ ನೀವು ಆದೇಶ ಕೊಟ್ಟ ಜಿಲ್ಲಾ ಆಯೋಗಕ್ಕೇ ಅರ್ಜಿ ಹಾಕಬೇಕು, ಆದೇಶದ ದೃಢೀಕೃತ ಪ್ರತಿ ಜೊತೆಗಿರಲಿ.