ಇಂದಿನ ಧಮ್ಮ ಚಿಂತನೆ: ಔಷಧಕ್ಕೂ ಕಾಲಾಮರ ಪರೀಕ್ಷೆ



"ಸರ್, ಮುಂಡಗೋಡದಾಗ ಟಿಬೇಟಿನವರು ಔಷಧ ಕೊಡ್ತಾರಂತ. ಬೌದ್ಧರ ಔಷಧ, ಕ್ಯಾನ್ಸರ್ ವಾಸಿ ಆಕ್ಕೈತಂತ, ಖರೇನ್ರಿ?" ಬೈಲಹೊಂಗಲ, ಸವದತ್ತಿ ಕಡೆಯ ನಮ್ಮವರು ನನ್ನನ್ನು ಹೀಗೆ ಕೇಳುವುದುಂಟು. ಮನೆಯಲ್ಲಿ ರೋಗಿಯನ್ನಿಟ್ಟುಕೊಂಡು ಕೇಳುವ ಪ್ರಶ್ನೆ, ಹಗುರವಾಗಿ ಉತ್ತರಿಸಬಾರದು.

ಆ ವೈದ್ಯಪದ್ಧತಿಯ ಹೆಸರು ಸೋವಾ ರಿಗ್ಪಾ. ನಾಡಿ, ಮೂತ್ರ ಪರೀಕ್ಷಿಸಿ ಗಿಡಮೂಲಿಕೆ, ಖನಿಜಗಳ ಗುಳಿಗೆ ಕೊಡುತ್ತಾರೆ. 1916ರಲ್ಲಿ ಲಾಸಾದಲ್ಲಿ ಆರಂಭವಾದ ಮೆನ್-ತ್ಸೀ-ಖಾಂಗ್ ಸಂಸ್ಥೆ 1961ರಲ್ಲಿ ಧರ್ಮಶಾಲಾದಲ್ಲಿ ಮತ್ತೆ ನೆಲೆಯಾಯಿತು. ಮುಂಡಗೋಡದಲ್ಲೂ ಅದರ ಶಾಖೆಯಿದೆ. 2010ರಲ್ಲಿ ಭಾರತ ಸರ್ಕಾರ ಈ ಪದ್ಧತಿಗೆ ಕಾನೂನಿನ ಮಾನ್ಯತೆ ನೀಡಿತು. ಆದರೆ ಪದ್ಧತಿಗೆ ಮಾನ್ಯತೆ ಸಿಕ್ಕ ಮಾತ್ರಕ್ಕೆ ಅದರ ಗುಳಿಗೆ ಕ್ಯಾನ್ಸರ್ ವಾಸಿಮಾಡುತ್ತದೆ ಎಂದಾಗಲಿಲ್ಲ. ಅದು ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಗಿಲ್ಲ.

ಹಾಗಾದರೆ ಗಿಡಮೂಲಿಕೆ ಸುಳ್ಳೇ? ಅಲ್ಲ. ಬುದ್ಧನ ವೈದ್ಯ ಜೀವಕನಿಗೆ ಗುರು, "ತಕ್ಷಶಿಲೆಯ ಸುತ್ತ ಒಂದು ಯೋಜನ ತಿರುಗಿ, ಔಷಧವಲ್ಲದ ಗಿಡ ತಾ" ಎಂದನಂತೆ. ಜೀವಕ ಬರಿಗೈಯಲ್ಲಿ ಬಂದ. ನಮ್ಮ ಅಂಗಳದ ಕಾಶಿ ಕಣಗಲ (ಸದಾಪುಷ್ಪ) ನೋಡಿ. ಜನ ಅದನ್ನು ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿದವು. ಆ ಗಿಡದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಗಳು ಬಂದವು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ವಿನ್‌ಕ್ರಿಸ್ಟಿನ್ ಕೊಡುತ್ತಾರೆ. ಅದೇ ಎಲೆಯನ್ನು ಹಾಗೇ ಅಗಿದರೆ ವಿಷ. ಗಿಡ ತೋರಿಸಿದ್ದು ಪರಂಪರೆ, ಔಷಧ ಮಾಡಿದ್ದು ಪರೀಕ್ಷೆ.

ಕಾಲಾಮರಿಗೆ ಭಗವಾನರು ಹೇಳಿದ್ದೂ ಇದನ್ನೇ: ಕೇಳಿದ್ದೆಂದು, ಹಿಂದಿನಿಂದ ಬಂದದ್ದೆಂದು, ಗುರು ಹೇಳಿದನೆಂದು ನಂಬಬೇಡಿ. ಗುಡ್ಡದ ಭಂಡಾರಕ್ಕೆ ಪುರಾವೆ ಕೇಳುವ ನಾವು, 'ಬೌದ್ಧ' ಎಂಬ ಹೆಸರಿನ ಗುಳಿಗೆಗೂ ಅದೇ ಪುರಾವೆ ಕೇಳಬೇಕು. ಇಲ್ಲದಿದ್ದರೆ ಬಾಬಾಸಾಹೇಬರು ಬಿಡಿಸಿದ ಗಂಟನ್ನು ನಾವೇ ಮತ್ತೆ ಹಾಕಿಕೊಂಡಂತೆ.

ಟಿಬೇಟಿ ವೈದ್ಯರ ಬಗ್ಗೆ ಗೌರವವಿರಲಿ. ಆದರೆ ಅವರ ಗುಳಿಗೆಗಾಗಿ ಆಸ್ಪತ್ರೆಯ ಚಿಕಿತ್ಸೆ ಬಿಡಬೇಡಿ. ಜೊತೆಗೆ ತೆಗೆದುಕೊಳ್ಳುವುದಾದರೆ ಕ್ಯಾನ್ಸರ್ ಡಾಕ್ಟರಿಗೆ ಮುಚ್ಚಿಡದೆ ಹೇಳಿ; ಎರಡು ಔಷಧ ಒಂದಕ್ಕೊಂದು ಅಡ್ಡ ಬರಬಹುದು. ಗಂಟು, ಮಾಯದ ಹುಣ್ಣು ಕಂಡರೆ ತಿಂಗಳುಗಟ್ಟಲೆ ಕಾಯಬೇಡಿ. ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು.

ಇಂದಿನ ಅಭ್ಯಾಸ: ಯಾರೂ ನೋಡಿಕೊಳ್ಳದೆ ಬಿದ್ದಿದ್ದ ರೋಗಿ ಭಿಕ್ಕುವನ್ನು ಬುದ್ಧನೂ ಆನಂದನೂ ತಮ್ಮ ಕೈಯಾರೆ ತೊಳೆದರು. ನಮ್ಮ ಓಣಿಯಲ್ಲಿ ಒಬ್ಬ ರೋಗಿಯಿದ್ದರೆ ಇಂದು ಅವರ ಮನೆಗೆ ಹೋಗಿ ಬನ್ನಿ. ಕಾಗದಪತ್ರ ಓದಿಕೊಡಿ, ಆಸ್ಪತ್ರೆಗೆ ಜೊತೆಯಾಗಿ. ಅದೇ ಮೈತ್ರಿ.

ಭವತು ಸಬ್ಬ ಮಂಗಲಂ. ಜೈಭೀಮ್. 🙏